ಕುಸ್ತಿಯ ಕಡೀ ನಿಮಿಷದಾಗ ಮಗಳ ಲಕ್ಷ ಎಲ್ಲಿ ಹೋಗತೈತಿ?

ಪ್ರಶ್ನೆ: ನಾವು ಗದಗ ಜಿಲ್ಲಾ ಲಕ್ಷ್ಮೇಶ್ವರ ಕಡೆಯವರು, ಒಕ್ಕಲುತನ ಮಾಡ್ತೀವಿ. ಮಗಳಿಗೆ 15 ವರ್ಷ, ಗದಗದಾಗ ಹಾಸ್ಟೆಲ್‌ನ್ಯಾಗ ಇದ್ದು ಕುಸ್ತಿ ಕಲಿಯಾಕತ್ತಾಳ, 46 ಕೆಜಿ ಒಳಗ ಆಡ್ತಾಳ. ತಾಲೀಮಿನ್ಯಾಗ ತನಗಿಂತ ದೊಡ್ಡ ಹುಡುಗ್ಯಾರನ್ನ ಎತ್ತಿ ಒಗಿತಾಳ, ಆದ್ರ ಕೂಟದಾಗ ಮುಂದ ಇದ್ದಾಕಿ ಕಡೀ ನಿಮಿಷದಾಗ ಸೋಲ್ತಾಳ. ಹೋದ ಸಲ 6–2 ಮುಂದ ಇದ್ದು 6–7 ಸೋತ್ಲು. ನಾನೂ ಹುಡುಗ ಇದ್ದಾಗ ಜಾತ್ರಿ ಕುಸ್ತಿ ಹಿಡದಾಂವ, ಮ್ಯಾಟ್ ಬಾಜೂಕ ನಿಂತು "ಹಿಡಕೊಂಡ ನಿಂದ್ರು" ಅಂತ ಒದರಿ ಒದರಿ ಹೇಳ್ತೀನಿ, ಕಿವಿಗೆ ಹಾಕ್ಕೊಳ್ಳಂಗಿಲ್ಲ. ಹಿಂದಿನ ದಿನ ತೂಕ ಇಳಸಾಕ ನೀರು ಬಿಟ್ಟಿರ್ತಾಳ, ಅದರ ಸುಸ್ತು ಅಂತಾಳ, ನನಗ ನಂಬಿಕಿ ಇಲ್ಲ. ಹುಬ್ಬಳ್ಳ್ಯಾಗ ಏಕಾಗ್ರತೆ ಹೆಚ್ಚು ಮಾಡೋ ಕೋರ್ಸ್ ಐತಂತ, ಫೀ 15 ಸಾವಿರ. ಹಾಕಬೇಕೋ ಬ್ಯಾಡೋ?

ಉತ್ತರ: ಅಣ್ಣಾರ, ಕೋರ್ಸಿನ ಮಾತು ಮೊದ್ಲ ಮುಗಿಸಿಬಿಡ್ತೀನಿ. ಬ್ಯಾಡ್ರಿ. ಇಂಥಾ ಕೋರ್ಸಿನ್ಯಾಗ ಅಂಕಿ ನೆನಪಿಡೂದು, ಎರಡು ಚಿತ್ರದಾಗ ವ್ಯತ್ಯಾಸ ಹುಡುಕೂದು, ಕೆಲವು ಕಡೆ ಕಣ್ಣಿಗೆ ಪಟ್ಟಿ ಕಟ್ಟಿ ಓದಸೂದು ಇಂಥಾವ ಇರ್ತಾವ (ಆ ಪಟ್ಟಿ ಕಟ್ಟೂದಂತೂ ಶುದ್ಧ ಕಣ್ಕಟ್ಟು, ಮೂಗಿನ ಬಾಜೂಕ ಸಂದಿ ಉಳಿದಿರ್ತೈತಿ, ಅಲ್ಲಿಂದ ಕಾಣಸತೈತಿ). ಅಂಕಿ ನೆನಪಿಡೂದು ಕಲಿತ ಹುಡುಗಿ ಅಂಕಿ ನೆನಪಿಡೂದ್ರಾಗ ಶಾಣ್ಯಾಕಿ ಆಗ್ತಾಳ, ಅಷ್ಟ. ಎದುರಿನಾಕಿ ಕಾಲಿಗೆ ಬಿದ್ದಾಗ ಅದು ಕೆಲಸಕ್ಕ ಬರತೈತಿ ಅನ್ನಾಕ ಗಟ್ಟಿ ಆಧಾರ ಏನೂ ಇಲ್ಲ. ಆ ರೊಕ್ಕದಾಗ ಒಂದು ಜೋಡಿ ಚಲೋ ಕುಸ್ತಿ ಬೂಟು ಕೊಡಸ್ರಿ, ಉಳಿದಿದ್ದು ತತ್ತಿ ಹಾಲು ಶೇಂಗಾಕ್ಕ ಇರ್ಲಿ.

ಇನ್ನ ಆ ನೀರಿನ ಮಾತು. ನೀವು ನಂಬಿಕಿ ಇಲ್ಲ ಅಂತ ಒಂದ ಸಾಲಿನ್ಯಾಗ ದಾಟಿಸಿಬಿಟ್ಟೀರಿ, ನಾನು ಮಾತ್ರ ಅಲ್ಲಿಂದನ ಸುರು ಮಾಡಾಕಿ. ಲಕ್ಷದ ತಾಲೀಮು, ಮನಸ್ಸಿನ ತಾಲೀಮು ಎಲ್ಲಾ ಆಮ್ಯಾಲೆ. ಮೈಯಾಗಿನ ನೀರು ಮೈತೂಕದ ನೂರಕ್ಕ 2 ಪಾಲಿಗಿಂತ ಹೆಚ್ಚು ಹೋತಂದ್ರ ಲಕ್ಷ ಕೊಡೂದು, ಕಣ್ಣು ಕೈ ಕಾಲು ಹೊಂದಿಸೂದು ಎರಡೂ ಕೆಡಾಕ ಹತ್ತತಾವ. 46ಕ್ಕ ಇಳಿಯಾಕ ನೋಡೋ 48 ಕೆಜಿ ಹುಡುಗಿಗೆ 2 ಪಾಲು ಅಂದ್ರ ಪೂರ್ತಿ ಒಂದು ಕೆಜಿನೂ ಆಗಂಗಿಲ್ಲ. ಹಿಂದಿನ ದಿನ ನೀರು ಬಿಟ್ಟು, ರಾತ್ರಿ ಊಟ ಬಿಟ್ಟು, ಸ್ವೆಟರ್ ಮ್ಯಾಲೆ ಸ್ವೆಟರ್ ಹಾಕ್ಕೊಂಡು ಓಡಿ, ಮುಂಜಾನೆ ತೂಕ ಕೊಟ್ಟ ಕೂಡ್ಲೆ ಗಟಗಟ ಕುಡದ್ರೂ ಹೋಗಿದ್ದೆಲ್ಲಾ ಅಷ್ಟು ಲಗೂ ಹೊಳ್ಳಿ ಬರಂಗಿಲ್ಲ. ಹಿಂಗ ಬಂದ ಹುಡುಗಿ ಮೊದಲನೇ ಎರಡು ನಿಮಿಷ ಹುಮ್ಮಸ್ಸಿನ್ಯಾಗ ಆಡ್ತಾಳ, ಕಡೀಕ ತಲಿನೂ ಕಾಲೂ ಕೂಡೇ ಕೈ ಬಿಡ್ತಾವ. ಆಕಿ ಸುಳ್ಳು ಹೇಳಾಕತ್ತಿಲ್ರಿ.

ಇದೇನು ಸಣ್ಣ ಮಾತಲ್ಲ. 1997ರಾಗ ಅಮೆರಿಕಾದಾಗ ನವೆಂಬರ್, ಡಿಸೆಂಬರ್ ಎರಡ ತಿಂಗಳ ಒಳಗ ಮೂರು ಮಂದಿ ಕಾಲೇಜ್ ಪೈಲ್ವಾನ್ ಹುಡುಗರು ಹಿಂಗ ನೀರು ಬಿಟ್ಟು, ಬೆವರು ಹರಿಸಿ ತೂಕ ಇಳಸಾಕ ಹೋಗಿ ಜೀವಾನ ಕಳಕೊಂಡ್ರು, ಅಲ್ಲಿ ಆಮ್ಯಾಲೆ ತೂಕದ ನಿಯಮಾನ ಬದಲಿ ಮಾಡಿದ್ರು. ವಿನೇಶ್ ಫೋಗಾಟ್ ಪ್ಯಾರಿಸ್‌ನ್ಯಾಗ ಬರೇ 100 ಗ್ರಾಂ ಹೆಚ್ಚಾತಂತ ಫೈನಲ್ ಕಳಕೊಂಡಿದ್ದು ನಿಮಗೂ ಗೊತ್ತೈತಿ, ರಾತ್ರಿಯೆಲ್ಲಾ ತೂಕ ಇಳಸಾಕ ಏನೇನು ಮಾಡಿದ್ರು ಅಂತ ಪೇಪರಿನ್ಯಾಗ ಬಂದಿತ್ತು. ಅವರು ದೊಡ್ಡವರು, ಹಿಂದ ಡಾಕ್ಟರು ಇದ್ರು. 15 ವರ್ಷದ್ದು ಇನ್ನೂ ಬೆಳಿಯೋ ಮೈ. ಕೋಚ್ ಸರ್ ಕೂಡ ಕೂತು ಮಾತಾಡಿ ಮುಂದಿನ ತೂಕದ ವರ್ಗಕ್ಕ ಹೋಗಲಿ. ಅಲ್ಲಿ ಆರು ತಿಂಗಳು ಸೋತ್ರೂ ಅಡ್ಡಿಯಿಲ್ಲ. ಮತ್ತ ಒಮ್ಮೆ ಸರ್ಕಾರಿ ದವಾಖಾನ್ಯಾಗ ಹಿಮೋಗ್ಲೋಬಿನ್ ತಪಾಸ ಮಾಡಸ್ರಿ, ಮುಟ್ಟಾಗೋ ವಯಸ್ಸಿನ ಹುಡುಗ್ಯಾರಿಗೆ ರಕ್ತ ಕಡಿಮಿ ಇರೂದು ನಮ್ಮ ಕಡೆ ಭಾಳ, 12ಕ್ಕಿಂತ ಕೆಳಗ ಬಂದ್ರ ಡಾಕ್ಟರ್ ಕೊಟ್ಟ ಗುಳಿಗಿ ತಿನಸ್ರಿ. ರಕ್ತ ಇಲ್ಲದ ಹುಡುಗಿಗೆ ನಾನು ಎಷ್ಟ ಉಸಿರಾಟ ಕಲಿಸಿದ್ರೂ ಕಡೀ ನಿಮಿಷ ಉಳಿಯಂಗಿಲ್ಲ.

ಇಷ್ಟು ಸರಿ ಮಾಡಿದ ಮ್ಯಾಲೂ ಮುಂದ ಇದ್ದು ಸೋಲೂದು ಪೂರ್ತಿ ನಿಲ್ಲಂಗಿಲ್ಲ ಅಂತ ನನಗ ಅನಸತೈತಿ, ಯಾಕಂದ್ರ ನೀವು ಬರದಿದ್ದರಾಗ ಇನ್ನೊಂದು ಐತಿ. 2–6 ಹಿಂದ ಬಿದ್ದಾಗ ಆಕಿ ಹೆಂಗ ಆಡ್ತಾಳ ಅಂತ ನೀವು ಬರದಿಲ್ಲ, ಆದ್ರ ನನ್ನ ಕಡೆ ಬರೋ ಕುಸ್ತಿ ಹುಡುಗ್ಯಾರನ್ನ ನೋಡಿ ಹೇಳಬೇಕಂದ್ರ ಹಿಂದ ಇದ್ದಾಗ ಇವರು ಪಾಡ ಆಡ್ತಾರ. ಹಿಂದ ಇದ್ದಾಕಿಗೆ ಮಾಡೂದು ಒಂದ ಕೆಲಸ, ಹೋಗಿ ಹಿಡಿಯೂದು, ಲಕ್ಷ ಎದುರಿನಾಕಿ ಮ್ಯಾಲೆ ತಾನ ಇರತೈತಿ. ಮುಂದ ಇದ್ದಾಕಿಗೆ ಕೆಲಸಾನ ಬದಲಿ ಆಗಿಬಿಡತೈತಿ. ಗಳಿಸೂದು ಹೋಗಿ ಕಾಯೂದು ಬರತೈತಿ, ಮತ್ತ ಕಾಯಾಕ ಸುರು ಮಾಡಿದ ಮನಸ್ಸು ಮೊದ್ಲ ನೋಡೂದ ಗಡಿಯಾರ. ಇನ್ನ ಎಷ್ಟ ಸೆಕೆಂಡ್ ಐತಿ, ಅಪ್ಪ ಎಲ್ಲಿ ನಿಂತಾನ, ಹೋದ ಸಲ ಹಿಂಗ ಆಗಿತ್ತಲ್ಲ. ಕಣ್ಣು ಪಾಯಿಂಟ್ ಬೋರ್ಡ್ ಕಡೆ ಹೋತು, ಹಿಂಗಾಲು ಒಂದು ಹೆಜ್ಜಿ ಹಿಂದ ಸರೀತು, ನಡಾ ಎದ್ದು ನಿಂತಿತು, ಎದುರಿನಾಕಿ ಸಿಂಗಲ್ ಲೆಗ್, ಅಂದ್ರ ಒಂದು ಕಾಲು, ಹಿಡದ್ಲು, 2 ಪಾಯಿಂಟ್ ಹೋತು. ಲಕ್ಷ ಕಳದಿಲ್ರಿ ಅಲ್ಲಿ, ಪೂರಾ ಐತಿ, ಬೋರ್ಡಿನ ಮ್ಯಾಲೆ ಐತಿ.

ಇದು ನಿಮ್ಮ ಮಗಳಿಗಷ್ಟ ಆಗೂದು ಅಂತ ತಿಳೀಬ್ಯಾಡ್ರಿ. 2024ರ ಪ್ಯಾರಿಸ್ ಒಲಿಂಪಿಕ್ಸಿನ್ಯಾಗ 50 ಕೆಜಿ ಮೊದಲನೇ ಸುತ್ತು ನೆನಪ ಮಾಡ್ಕೊರಿ. ಜಪಾನಿನ ಯುಯಿ ಸುಸಾಕಿ, ಟೋಕಿಯೋದಾಗ ಒಂದೂ ಪಾಯಿಂಟ್ ಬಿಟ್ಟುಕೊಡದ ಬಂಗಾರ ಗೆದ್ದಾಕಿ, ಪರದೇಶದ ಪೈಲ್ವಾನರ ಕೈಯಾಗ ಅಲ್ಲಿತನಕ ಸೋತಾಕಿನ ಅಲ್ಲ. ವಿನೇಶ್ ಮ್ಯಾಲೆ 2–0 ಮುಂದ ಇದ್ಲು, ಕಡೀ ಹತ್ತು ಸೆಕೆಂಡ್ ಸುಮಾರ್ ಉಳಿದಾಗ ವಿನೇಶ್ ಕೆಡವಿ 2 ಪಾಯಿಂಟ್ ತಗೊಂಡ್ಲು, ಜಪಾನಿನವರು ಚಾಲೆಂಜ್ ಹಾಕಿ (ತೀರ್ಪು ವಿಡಿಯೋದಾಗ ಮತ್ತ ನೋಡ್ರಿ ಅಂತ ಕೇಳೂದು) ಸೋತು ಇನ್ನೊಂದು ಪಾಯಿಂಟ್ ಕೊಟ್ರು, 3–2. ಸುಸಾಕಿ ತಲ್ಯಾಗ ಆಗ ಏನಿತ್ತು ಅಂತ ನಾನು ಹೇಳಾಕ ಬರಂಗಿಲ್ಲ, ಆದ್ರ ಮುಂದ ಇರೂದು ಎಷ್ಟು ಕಠಿಣ ಅನ್ನೂದಕ್ಕ ಇದಕ್ಕಿಂತ ದೊಡ್ಡ ಸಾಕ್ಷಿ ಬ್ಯಾಡ. ತಿರುವಿ ನೋಡಿದ್ರ 2016ರ ರಿಯೋದಾಗ ಸಾಕ್ಷಿ ಮಲಿಕ್ ಕಂಚಿನ ಕುಸ್ತಿ, ನಡುವಿನ ಬಿಡುವಿನ ಹೊತ್ತಿಗೆ 0–5 ಹಿಂದ, ಮುಗಿಯೋ ಹೊತ್ತಿಗೆ 8–5. ಆಕಿಗೆ ಕಾಯೂದು ಏನೂ ಇರಲಿಲ್ಲ.

ಈಗ ನಿಮ್ಮ ಮಾತಿಗೆ ಬರ್ತೀನಿ, ಸಿಟ್ಟ ಆಗಬ್ಯಾಡ್ರಿ. ನೀವು ಆಡಿದ್ದು ಮಣ್ಣಿನ ಕುಸ್ತಿ. ಅಲ್ಲಿ 6–2 ಅನ್ನೂದ ಇಲ್ಲ, ಚಿತ್ ಮಾಡಬೇಕು ಇಲ್ಲಾ ಆಗಬೇಕು, ಅರ್ಧ ತಾಸು ಹಿಡಕೊಂಡು ಕೂತ್ರೂ ಹಲಗಿ ಬಾರಸಾವ್ರು ಬಾರಸ್ತಾನ ಇರ್ತಾರ, ದಮ್ಮು ಇದ್ದಾಂವ ಗೆಲ್ತಾನ. ಅಲ್ಲಿ "ಬಿಡಬ್ಯಾಡ, ಹಿಡಕೊಂಡ ನಿಂದ್ರು, ದಣಸು ಅವನ್ನ" ಅನ್ನೂದು ಶಾಣ್ಯಾತನದ ಮಾತು. ಮ್ಯಾಟ್ ಮ್ಯಾಲೆ ಅದ ಮಾತು ಕುಸ್ತಿ ಕಳೀತೈತಿ. ನಿಮ್ಮ ಮಗಳ ವಯಸ್ಸಿನ್ಯಾಗ ಎರಡೆರಡು ನಿಮಿಷದ ಎರಡು ಸುತ್ತು, ನಡುವ 30 ಸೆಕೆಂಡ್ ಬಿಡುವು, ಮುಗೀತು. ಆಡದ ನಿಂತ್ರ ರೆಫ್ರಿ ಪ್ಯಾಸಿವ್ ಅಂತ ಎಚ್ಚರಿಸ್ತಾರ, ಆಮ್ಯಾಲೆ 30 ಸೆಕೆಂಡಿನ ಗಡುವು ಹಾಕ್ತಾರ, ಅಷ್ಟರಾಗ ಯಾರೂ ಪಾಯಿಂಟ್ ಮಾಡಲಿಲ್ಲಂದ್ರ ಎದುರಿನಾಕಿಗೆ 1 ಪಾಯಿಂಟ್. ಹಿಂದ ಸರಕೋಂತ ಗೆರಿ ದಾಟಿದ್ರ ಮತ್ತ 1. ಅಂದ್ರ ಕಾಯೂದ ಮ್ಯಾಟ್ ಮ್ಯಾಲೆ ಪಾಯಿಂಟ್ ಕೊಡೋ ದಾರಿ. ನೀವು ಬಾಜೂಕ ನಿಂತು "ಹಿಡಕೊಂಡ ನಿಂದ್ರು" ಅಂತೀರಿ, ಕೋಚ್ ಮೂಲ್ಯಾಗ ಕೂತು "ಹೋಗು, ಕೈ ಹೊಡಿ" ಅಂತಾರ, ರೆಫ್ರಿ "ಆ್ಯಕ್ಷನ್" ಅಂತಾರ. ಆಕಿ ಕಿವಿಗೆ ಹಾಕ್ಕೊಳ್ಳಂಗಿಲ್ಲ ಅಂತ ಬರದೀರಿ. ನನಗೇನೋ ಆಕಿ ಹಾಕ್ಕೊಳ್ಳಾಕತ್ತಾಳ ಅಂತನ ಅನಸತೈತಿ. ಅಪ್ಪನ ದನಿ ಅದು, ಸಾವಿರ ಮಂದ್ಯಾಗ ಕೇಳಸತೈತಿ. ಮತ್ತ ಈ ವಯಸ್ಸು ಹೆಂಥಾದ್ದು ಅಂದ್ರ ನನ್ನನ್ನ ಯಾರು ನೋಡಾಕತ್ತಾರ, ಏನಂತಾರ ಅನ್ನೂದು ದೊಡ್ಡವರಿಗಿಂತ ಹೆಚ್ಚು ಚುಚ್ಚತೈತಿ, ಅದನ್ನ ತಡಿಯೋ ಮೆದುಳಿನ ಮುಂದಿನ ಭಾಗ ಬಲಿಯೂದು ಇಪ್ಪತ್ತು ದಾಟಿದ ಮ್ಯಾಲ. "ಇಷ್ಟು ದೊಡ್ಡಾಕಿ ಆಗಿ ತಿಳ್ಯಾಂಗಿಲ್ಲೇನು" ಅಂತ ಬೈದ್ರ ಅದು ಲಗೂ ಬಲಿಯಂಗಿಲ್ಲ.

ಹಂಗಾದ್ರ ತಾಲೀಮು ಎದರದ್ದು? ಲಕ್ಷ ಅತ್ತಾಗ ಹೋಗದಂಗ ಕಟ್ಟಿ ಹಾಕೂದು ಯಾರಿಗೂ ಆಗಂಗಿಲ್ಲ, ಒಲಿಂಪಿಕ್ ಆಡಾವರಿಗೂ ಇಲ್ಲ. ಎಡಿ ಹೊಡಿಯುವಾಗ ಎತ್ತು ಸಾಲು ಬಿಟ್ಟು ಬೆಳಿ ಮ್ಯಾಲೆ ಕಾಲಿಡತೈತಿ, ನೀವು ಹೊಲದ ನಡುವ ನಿಂತು ಅದಕ್ಕ ಭಾಷಣ ಮಾಡಂಗಿಲ್ಲ, ಹಗ್ಗ ತುಸು ಜಗ್ಗಿ ಒಂದು ಮಾತು ಅಂತೀರಿ, ಸಾಲಿಗೆ ಬರತೈತಿ, ನಡೀತೀರಿ. ಆ ಒಂದು ಜಗ್ಗು, ಆ ಒಂದು ಮಾತು ಆಕಿ ಕೈಯಾಗ ಇರಬೇಕು, ನಿಮ್ಮ ಕೈಯಾಗಲ್ಲ, ಕೋಚ್ ಕೈಯಾಗೂ ಅಲ್ಲ. ಬ್ಯಾರೆ ಎಲ್ಲಾ ಇದರ ಸುತ್ತಲಿಂದ.

ಮೊದಲನೇ ಕೆಲಸ ಕಣ್ಣಿಗೆ ಜಾಗಾ ಕೊಡೂದು. "ಲಕ್ಷ ಕೊಡು" ಅಂದ್ರ ಎಲ್ಲಿ ಕೊಡಬೇಕು ಹುಡುಗಿ? ಕೋಚ್ ಸರ್ ಕೂಡ ಕೂತು ಒಂದ ಜಾಗಾ ಗೊತ್ತು ಮಾಡ್ರಿ, ನಾನು ಸಾಮಾನ್ಯ ಎದುರಿನಾಕಿ ಎದಿಯಿಂದ ಸೊಂಟದ ನಡುವಿನ ಜಾಗಾ ಹೇಳ್ತೀನಿ, ಯಾಕಂದ್ರ ಮುಖ ಮತ್ತ ಕೈ ಮೋಸ ಮಾಡ್ತಾವ, ಸೊಂಟ ಹೋದ ಕಡೆ ಮೈ ಹೋಗಲೇಬೇಕು. ತನ್ನ ಮೈ ಕಡೆ ಲಕ್ಷ ಇಟ್ಟಾವ್ರಿಗಿಂತ ಹೊರಗಿನ ಗುರಿ ಕಡೆ ಲಕ್ಷ ಇಟ್ಟಾವ್ರು ಚಲೋ ಮಾಡ್ತಾರ ಅನ್ನೂದನ್ನ ಗೇಬ್ರಿಯೆಲೆ ವುಲ್ಫ್ ಅನ್ನೋ ಸಂಶೋಧಕಿ 1990ರ ದಶಕದಿಂದ ಎಷ್ಟೋ ಆಟದಾಗ ತೋರಿಸ್ಯಾರ. ಅದಕ್ಕ "ಮೊಣಕಾಲು ಬಗ್ಗಸು, ಮೊಣಕೈ ಒಳಗ ಇಡು, ಬೆನ್ನು ನೆಟ್ಟಗ" ಅಂತ ಕೂಟದಾಗ ಹೇಳೂದು ಉಲ್ಟಾ ಹೊಡೀತೈತಿ, ಮೈ ತಾನ ಮಾಡೋ ಕೆಲಸಾನ ತಲಿ ನಡುವ ಬಂದು ಕೆಡಸತೈತಿ. ಅದು ತಾಲೀಮಿನ ಮಾತು, ತಾಲೀಮಿನ್ಯಾಗ ಇರ್ಲಿ. ಕೂಟಕ್ಕ ಒಂದು ಸಣ್ಣ ಮಾತು ಸಾಕು. ಅದನ್ನ ಆಕಿನ ಹುಡುಕಬೇಕು. ನನ್ನ ಹತ್ರ ಬರೋ ಒಂದು ಹುಡುಗಿ "ಒತ್ತು" ಅಂತ ಇಟ್ಕೊಂಡಾಳ, ಇನ್ನೊಬ್ಬಾಕಿ ಅವ್ವ ರೊಟ್ಟಿ ಬಡಿಯೂದು ನೆನಪಾಗಿ "ಬಡಿ" ಅಂತಾಳ, ಕೇಳಿದ್ರ ನಗಿ ಬರತೈತಿ, ಆದ್ರ ಕೆಲಸ ಮಾಡತೈತಿ. "ಬಿಡಬ್ಯಾಡ", "ಸೋಲಬ್ಯಾಡ" ಅನ್ನೋ ಮಾತು ಬ್ಯಾಡ, ಬ್ಯಾಡ ಅಂದಿದ್ದ ಮೊದ್ಲ ಕಣ್ಮುಂದ ಬರತೈತಿ.

ಎರಡನೇದು ಸೀಟಿ. ಇದನ್ನ ತುಸು ಬಿಡಿಸಿ ಹೇಳ್ತೀನಿ, ಯಾಕಂದ್ರ ಎಲ್ಲಾ ಇಲ್ಲೇ ಐತಿ. ಕುಸ್ತಿ ನಾಕು ನಿಮಿಷ ಅಂತೀವಿ, ಆದ್ರ ನಡುವ ರೆಫ್ರಿ ಎಷ್ಟೋ ಸಲ ಸೀಟಿ ಹೊಡೀತಾರ, ಗೆರಿ ದಾಟಿದ್ರು, ಪಟ್ಟು ಬಿಡಿಸಿದ್ರು, ಜಡಿ ಬಿಚ್ಚಿತು, ನಡುವಕ್ಕ ಹೊಳ್ಳಿ ಬರ್ರಿ ಅಂತಾರ. ಆ ಐದಾರು ಸೆಕೆಂಡಿನ್ಯಾಗ ಹುಡುಗ್ಯಾರನ್ನ ನೋಡ್ರಿ. ಹಿಂದ ಇದ್ದಾಕಿ ಓಡಿ ಬಂದು ನಡುವ ನಿಂದ್ರತಾಳ. ಮುಂದ ಇದ್ದಾಕಿ ಬೋರ್ಡ್ ನೋಡ್ತಾಳ, ಅಪ್ಪನ್ನ ನೋಡ್ತಾಳ, ಸಿಂಗ್ಲೆಟ್ (ಕುಸ್ತಿ ಅರಬಿ) ಜಗ್ಗಿಕೊಂತ ತಡಾ ಮಾಡ್ತಾಳ. ಆ ಹೊತ್ತಿಗೆ ಒಂದು ಕ್ರಮ ಕಲಸ್ರಿ. ಸೀಟಿ ಕೇಳಿದ ಕೂಡ್ಲೆ ಬೋರ್ಡಿಗೆ ಬೆನ್ನ ಮಾಡಿ ತಿರುಗೂದು. ಬಾಯಿಂದ ಉಸಿರು ಉದ್ದಕ ಬಿಡೂದು, ತಗೊಳ್ಳೂದಕ್ಕಿಂತ ಬಿಡೂದು ಉದ್ದ ಇರಬೇಕು, ಎದಿಬಡಿತ ತುಸು ಇಳಿಯೂದು ಬಿಡುವಾಗನ. ಎರಡೂ ಅಂಗೈ ತೊಡಿಗೆ ಒಮ್ಮೆ ಒರಸೂದು, ಬೆವರು ಇರ್ಲಿ ಇಲ್ದ ಇರ್ಲಿ, ಅದು ಹೋದ ಪಾಯಿಂಟ್ ಮುಗೀತು ಅನ್ನೋ ಗುರ್ತು. ನಡುವಿನ ವರ್ತುಲ ನೋಡ್ಕೋಂತ ನಡದು ಬರೂದು, ಎದುರಿನಾಕಿ ಸೊಂಟದ ಮ್ಯಾಲೆ ಕಣ್ಣು, ಒಳಗ ಆ ಒಂದು ಮಾತು. ಅಷ್ಟ. ಇದನ್ನ ಕೂಟದ ದಿನ ಮಾಡ್ತೀನಿ ಅಂದ್ರ ಆಗೂದಿಲ್ಲ, ದಿನಾ ತಾಲೀಮಿನ್ಯಾಗ ಪ್ರತಿ ಸೀಟಿಗೆ ಮಾಡಬೇಕು, ಗೆಳತ್ಯಾರು ನಗ್ತಾರ, ನಗ್ಲಿ. ತಿಂಗಳೊಪ್ಪತ್ತಿನ್ಯಾಗ ಅದು ತಾನ ಬರಾಕ ಹತ್ತತೈತಿ, ಆಮ್ಯಾಲೆ ನಗಾವರೂ ಕಲೀತಾರ.

ಆಟದ ನಡುವ ಲಕ್ಷ ಸಡಲ ಬಿಡೂದು ತಪ್ಪಲ್ಲ ಅಂತನೂ ಆಕಿಗೆ ಹೇಳ್ರಿ. ನಮ್ಮ ಗದಗಿನ ಕ್ರಿಕೆಟ್ ಬೌಲರ್ ಸುನೀಲ್ ಜೋಶಿ 1999ರಾಗ ನೈರೋಬಿಯೊಳಗ ದಕ್ಷಿಣ ಆಫ್ರಿಕಾ ಮ್ಯಾಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್ ಮಾಡಿದ್ರು. 60 ಎಸೆತ ಆಗ್ತಾವ, ಆದ್ರ ಅದರ ನಡುವ ನಡದು ಹೊಳ್ಳಿ ಹೋಗೋ ಹೊತ್ತು, ಓವರ್ ಮುಗದು ಫೀಲ್ಡ್ ಮಾಡೋ ಹೊತ್ತು ಎಷ್ಟು ಇರತೈತಿ ಲೆಕ್ಕ ಹಾಕ್ರಿ. ಯಾವ ಬೌಲರೂ ಅಷ್ಟೂ ಹೊತ್ತು ಒಂದ ಬಿಗಿಯಾಗ ಇರಂಗಿಲ್ಲ. ಸೀಟಿ ಬಿಟ್ರ ಇನ್ನೊಂದು ದೊಡ್ಡ ಸೋರಿಕಿ ಎರಡು ಕುಸ್ತಿ ನಡುವ ಐತಿ. ಕೂಟದಾಗ ಮುಂಜಾನೆ ತೂಕ ಕೊಟ್ಟು, ಹತ್ತಕ್ಕ ಒಂದು, ಮಧ್ಯಾಹ್ನ ಒಂದು, ಸಂಜೀಕ ಒಂದು. ಆ ನಡುವಿನ ತಾಸುಗಟ್ಟಲೆ ಹೊತ್ತು ಈ ಹುಡುಗ್ಯಾರು ಮ್ಯಾಟ್ ಬಾಜೂಕ ಕೂತು ಎಲ್ಲಾರ ಕುಸ್ತಿ ನೋಡಿ, "ಅಕಿ ಹರಿಯಾಣಾದಾಗ ತಾಲೀಮ್ ಮಾಡ್ಯಾಳಂತ" ಅಂತ ಸುದ್ದಿ ಕೇಳಿ, ಮೊಬೈಲ್ ತಿಕ್ಕಿ, ತಮ್ಮ ಸರದಿ ಬರೋ ಹೊತ್ತಿಗೆ ತಲಿ ಬರಿದ ಮಾಡ್ಕೊಂಡಿರ್ತಾರ. ಮೊಬೈಲ್ ಅಂದಿದ್ದಕ್ಕ ಹೇಳ್ತೀನಿ, ಬ್ರೆಜಿಲ್‌ನ್ಯಾಗ ಫುಟ್ಬಾಲ್ ಆಡಾವರ ಮ್ಯಾಲೆ ನೋಡ್ಯಾರ, ಆಟದ ಮೊದ್ಲ ಅರ್ಧ ತಾಸು ಸೋಷಿಯಲ್ ಮೀಡಿಯಾ ನೋಡಿದವರು ಪಾಸ್ ಯಾರಿಗೆ ಕೊಡಬೇಕು ಅನ್ನೋ ನಿರ್ಧಾರದಾಗ ಹೆಚ್ಚು ತಪ್ಪಿದ್ರು. ಫೋನ್ ಕೋಚ್ ಹತ್ರ ಇರ್ಲಿ. ಎರಡು ಕುಸ್ತಿ ನಡುವ ಆಕಿ ಆಟದ ಹಾಲ್ ಬಿಟ್ಟು ಹೊರಗ ಹೋಗಿ ಬೇವಿನ ಗಿಡದ ಕೆಳಗ ಕಾಲು ಚಾಚಿ ಕೂಡ್ರಲಿ, ಬಾಳಿಹಣ್ಣು ತಿನ್ಲಿ, ಗೆಳತಿ ಕೂಡ ಸಿನಿಮಾ ಮಾತು ಆಡ್ಲಿ. ಇಪ್ಪತ್ತು ನಿಮಿಷ ಮೊದ್ಲ ಎದ್ದು ಮೈ ಬಿಸಿ ಮಾಡಾಕ ಹತ್ತಿದಾಗ ಲಕ್ಷ ಹೊಳ್ಳಿ ಕರದ್ರ ಸಾಕು.

ಮೂರನೇದು ಕೋಚ್ ಸರ್ ಮಾಡೋ ಕೆಲಸ, ಇದಕ್ಕ ನೀವು ಕೈ ಮುಗದು ಕೇಳ್ರಿ. ತಾಲೀಮಿನ್ಯಾಗ ಆಕಿ ಹುಲಿ ಯಾಕ ಅಂದ್ರ ಅಲ್ಲಿ ಕಳಕೊಳ್ಳಾಕ ಏನೂ ಇಲ್ಲ. ಹಂಗಾಗಿ ಕಳಕೊಳ್ಳೂದನ್ನ ತಾಲೀಮಿಗೆ ತರಬೇಕು. ವಾರಕ್ಕ ಎರಡು ದಿನ, ಮೈ ದಣದ ಮ್ಯಾಲೆ, ಕಡೀ ಹತ್ತು ನಿಮಿಷ: "ನೀ 6–4 ಮುಂದ ಇದ್ದಿ, 40 ಸೆಕೆಂಡ್ ಐತಿ, ಹೂಂ." ಗೋಡಿಗೆ ಗಡಿಯಾರ ಕಾಣಂಗ ಇಡ್ರಿ. ಬಾಜೂಕ ಹತ್ತು ಹುಡುಗ್ಯಾರನ್ನ ನಿಲ್ಲಿಸಿ ಒದರಸ್ರಿ. ಒಮ್ಮೊಮ್ಮೆ ರೆಫ್ರಿ ಬೇಕಂತನ ತಪ್ಪು ಪಾಯಿಂಟ್ ಕೊಡ್ಲಿ. ಸೋತಾಕಿ ಎಲ್ಲಾರ ಬಾಟ್ಲಿ ತುಂಬಿಕೊಂಡು ಬರ್ಲಿ, ಬೈಗಳ ಬ್ಯಾಡ, ಸಣ್ಣ ದಂಡ ಸಾಕು. ನೆದರ್ಲ್ಯಾಂಡ್ಸಿನ ಔಡೆಯಾನ್ಸ್ ಅನ್ನಾವ್ರು ಪೊಲೀಸರ ಪಿಸ್ತೂಲ್ ತಾಲೀಮಿನ್ಯಾಗ ಇದನ್ನ ಮಾಡಿ ನೋಡ್ಯಾರ, ಬರೇ ರಟ್ಟಿನ ಗೊಂಬಿಗೆ ಹೊಡದು ಕಲಿತವ್ರು ಒತ್ತಡ ಬಂದಾಗ ಗುರಿ ತಪ್ಪಿದ್ರು, ತಮ್ಮ ಮ್ಯಾಲೆ ತಿರುಗಿ ಬಣ್ಣದ ಗುಂಡು ಹೊಡಿಯೋ ಮನುಷ್ಯಾರ ಎದುರು ಕಲಿತವ್ರು ತಪ್ಪಲಿಲ್ಲ. ಅಂಜಿಕಿ ಹೋಗಿರಲಿಲ್ಲ ಅವ್ರಿಗೂ, ಅಂಜಿಕೊಂಡ ಹೊಡಿಯೂದು ರೂಢಿ ಆಗಿತ್ತು. ಈ 40 ಸೆಕೆಂಡಿನ ಆಟದಾಗ ಒಂದ ನಿಯಮ ಇಡ್ರಿ, ಮುಂದ ಇದ್ದಾಕಿ ಹಿಂದ ಹೆಜ್ಜಿ ಇಟ್ರ ಪಾಯಿಂಟ್ ಹೋತು. ಕಾಯೂದು ಬ್ಯಾಡ, ಮುಂದ ಇದ್ದಾಗೂ ನಡುವಿನ ಜಾಗಾ ನಂದು ಅನ್ನೂದು ಕಾಲಿಗೆ ಗೊತ್ತಾಗಬೇಕು.

ಹಿಂಗ ಆದ್ರ ಹಿಂಗ ಮಾಡ್ತೀನಿ ಅನ್ನೂದನ್ನ ಮೊದ್ಲ ಗೊತ್ತು ಮಾಡಿಟ್ಕೊಳ್ಳೂದೂ ಇದರ ಕೂಡ ಬರತೈತಿ. ಮೈಕಲ್ ಫೆಲ್ಪ್ಸ್ 2008ರ ಬೀಜಿಂಗಿನ್ಯಾಗ 200 ಮೀಟರ್ ಬಟರ್‌ಫ್ಲೈ ಈಸುವಾಗ ಕನ್ನಡಕದಾಗ ನೀರು ತುಂಬಿ ಏನೂ ಕಾಣದಂಗ ಆತು, ಅಂವ ಕೈ ಬೀಸೂದನ್ನ ಎಣಿಸ್ಕೋಂತ ಹೋಗಿ ವಿಶ್ವದಾಖಲೆ ಮಾಡಿ ಗೆದ್ದ. ಗೋಡಿ ಮುಟ್ಟಾಕ ಎಷ್ಟು ಬೀಸು ಬೇಕು ಅನ್ನೂದು ಅವಗ ಮೊದ್ಲ ಗೊತ್ತಿತ್ತು. ನಿಮ್ಮ ಮಗಳು ಒಂದು ಹಾಳಿ ಮ್ಯಾಲೆ ಬರೀಲಿ: 2 ಪಾಯಿಂಟ್ ಕೊಟ್ರ ಏನು, ರೆಫ್ರಿ ತಪ್ಪಿದ್ರ ಏನು, ಕಾಲು ಉಳುಕಿದಂಗ ಆದ್ರ ಏನು, ಬೋರ್ಡ್ ನೋಡೇ ಬಿಟ್ರ ಏನು. ಮೂರು ನಾಕು ಸಾಕು, ಇಪ್ಪತ್ತು ಬರದ್ರ ಒಂದೂ ನೆನಪಾಗಂಗಿಲ್ಲ.

ರಾತ್ರಿ ಮಲಗೂಕಿಂತ ಮೊದ್ಲ ಐದು ನಿಮಿಷ ಕಣ್ಣು ಮುಚ್ಚಿ ಕುಸ್ತಿ ನೋಡಲಿ, ಆದ್ರ ಕೊಳ್ಳಾಗ ಮೆಡಲ್ ಹಾಕೂದು, ಊರಾಗ ಮೆರವಣಿಗಿ ಇವನ್ನ ನೋಡೂದಲ್ಲ. 6–4, 40 ಸೆಕೆಂಡ್, ಮ್ಯಾಟಿನ ರಬ್ಬರ್ ವಾಸನಿ, ಎದುರಿನಾಕಿ ಕೈ ಕುತ್ತಿಗಿ ಮ್ಯಾಲೆ, ಕೂಗಾಟ, ತನ್ನ ಕಣ್ಣಿಂದ ಕಾಣಂಗ, 40 ಸೆಕೆಂಡಿಂದು 40 ಸೆಕೆಂಡ್ ಹಿಡೀಬೇಕು. ಅದರ ಮೊದ್ಲ ಇನ್ನೊಂದು ಐದು ನಿಮಿಷ ಸುಮ್ಮ ಕೂತು ಉಸಿರು ಎಣಸೂದು, ಒಂದರಿಂದ ಹತ್ತು, ಮತ್ತ ಒಂದು. ನಾಕಕ್ಕ ಬರೂದ್ರಾಗ ಮನಸ್ಸು ಹಾಸ್ಟೆಲ್ ಸಾಂಬಾರಿಗೆ ಹೋಗಿರತೈತಿ. "ನನಗ ಧ್ಯಾನ ಬರಂಗಿಲ್ಲ" ಅಂತ ಹುಡುಗ್ಯಾರು ಬಿಟ್ಟ ಬಿಡೂದು ಇಲ್ಲೇ. ಹೋಗಿದ್ದು ಗೊತ್ತಾಗಿ ಹೊಳ್ಳಿ ಒಂದಕ್ಕ ಬಂದ್ಲಲ್ಲ, ಅದ ತಾಲೀಮು, ಹೆಚ್ಚು ಸಲ ಹೋದ್ರ ಹೆಚ್ಚು ತಾಲೀಮು ಆತು ಅಂತ ಹೇಳ್ರಿ. ಆಮ್ಯಾಲೆ ನಿದ್ದಿ. 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ಬೇಕು ಅಂತ ವೈದ್ಯರ ಲೆಕ್ಕ, ಹಾಸ್ಟೆಲ್‌ನ್ಯಾಗ ನಸುಕಿನ್ಯಾಗ ಐದಕ್ಕ ಎಬ್ಬಸ್ತಾರಂದ್ರ ಒಂಬತ್ತಕ್ಕ ದೀಪ ಆರಬೇಕು. ಆರತೈತೇನು ಅಂತ ಒಮ್ಮೆ ವಾರ್ಡನ್ನರ ಕೂಡ ಮಾತಾಡ್ರಿ.

ಸೋತ ದಿನದ ಬಗ್ಗೆ. ಅವತ್ತ ಸಂಜೀಕ ಬಸ್ಸಿನ್ಯಾಗ "ಯಾಕ ಹಿಂಗ ಮಾಡಿದಿ" ಅಂತ ಕೇಳಬ್ಯಾಡ್ರಿ. ಊಟ ಮಾಡಸ್ರಿ, ಆಕಿ ಮಾತು ತಗದ್ರ ಕೇಳ್ರಿ, ಇಲ್ಲಂದ್ರ ಕಿಟಕಿ ಬಾಜೂಕ ಕೂಡ್ರಲಿ. ಎರಡು ದಿನ ಬಿಟ್ಟು ಕೋಚ್ ವಿಡಿಯೋ ಹಚ್ಚಿ ಒಂದ ಪ್ರಶ್ನಿ ಕೇಳ್ಲಿ: ಈ ಸೀಟಿಗೆ ನಿನ್ನ ಕಣ್ಣು ಎಲ್ಲಿತ್ತು? ಬೋರ್ಡಿನ ಮ್ಯಾಲಿತ್ತು ಅಂತ ಆಕಿನ ಹೇಳಿದ್ರ ಅರ್ಧ ಕೆಲಸ ಆತು. ಗೆದ್ದ ಕುಸ್ತಿದೂ ಹಂಗ ನೋಡ್ರಿ, ಗೆದ್ದಾಗ ಕಣ್ಣು ಎಲ್ಲಿತ್ತು ಅನ್ನೂದು ಇನ್ನೂ ಉಪಯೋಗದ್ದು, ನಮ್ಮಾವ್ರು ಗೆದ್ದ ವಿಡಿಯೋ ಸ್ಟೇಟಸ್‌ಗೆ ಹಾಕ್ತಾರ, ಕೂತು ನೋಡಂಗಿಲ್ಲ.

ಒಂದು ಮಾತು ಬ್ಯಾರೇನ ಹೇಳಬೇಕು. ಮೇಲೆ ಹೇಳಿದ್ದೆಲ್ಲಾ ಆಟ ಬೇಕು ಅನ್ನೋ ಹುಡುಗಿಗೆ. ಆಕಿ ತಾಲೀಮಿಗೆ ಹೋಗಾಕನ ಒಲ್ಲೆ ಅನ್ನಾಕತ್ತಿದ್ರ, ರಾತ್ರಿ ನಿದ್ದಿ ಇಲ್ಲ, ಊಟ ಸೇರಂಗಿಲ್ಲ, ಸುಮ್ಮ ಸುಮ್ಮಕ ಅಳ್ತಾಳ, ಇಲ್ಲಾ ಹಾಸ್ಟೆಲ್‌ಗೆ ಹೊಳ್ಳಿ ಹೋಗೋ ದಿನ ಬಂದ್ರ ಹೊಟ್ಟಿ ನೋಯತೈತಿ ಅಂತಾಳ ಅಂದ್ರ ಅದು ಲಕ್ಷದ ಮಾತಲ್ಲ. ಅವಾಗ ಆಕಿ ಅವ್ವ ಒಬ್ಬಾಕಿನ ಕೂತು ಕೇಳ್ಲಿ, ಅಲ್ಲಿ ಯಾರಾದ್ರೂ ಏನಾದ್ರೂ ಅಂದಾರೇನು, ಮಾಡ್ಯಾರೇನು. ಹಂಗೇನಾದ್ರೂ ಇದ್ರ 1098ಕ್ಕ ಫೋನ್ ಹಚ್ಚೂದಕ್ಕ ಹಿಂದ ಮುಂದ ನೋಡಬ್ಯಾಡ್ರಿ, ಅದು ಮಕ್ಕಳ ಸಹಾಯವಾಣಿ. ಮನಸ್ಸಿಗೆ ಸಂಬಂಧ ಪಟ್ಟಿದ್ದಕ್ಕ 14416 ಟೆಲಿ ಮಾನಸ್ ಐತಿ, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ. ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ದವಾಖಾನಿ ಐತಿ, ಲಕ್ಷ್ಮೇಶ್ವರದಿಂದ ಒಂದ ದಿನದಾಗ ಹೋಗಿ ಬರಾಕ ಆಗತೈತಿ. ಊರಾಗ ಯಾರೇನಂದಾರು ಅಂತ ತಡಾ ಮಾಡಬ್ಯಾಡ್ರಿ.

ಯಾವಾಗ ಫಲ ಕಾಣತೈತಿ ಅಂತ ನೀವು ಕೇಳ್ತೀರಿ, ಕೇಳಾಕ ಬೇಕು. ತೂಕದ್ದು ಮತ್ತ ನೀರಿಂದು ಸರಿ ಆದ್ರ ಮುಂದಿನ ಕೂಟದಾಗನ ಕಾಲು ಕಡೀತನಕ ನಡದಿದ್ದು ಗೊತ್ತಾಗತೈತಿ. ಸೀಟಿ ಮತ್ತ ಆ 40 ಸೆಕೆಂಡಿಂದು ಒಂದು ಸೀಸನ್ ತಗೋತೈತಿ, ನಡುವ ಎರಡು ಮೂರು ಕುಸ್ತಿ ಹೋಗ್ತಾವ, ಹೊಸಾದು ಕಲಿಯುವಾಗ ಹಳೇದೂ ತುಸು ಕೆಡತೈತಿ. ದಸರಾ ಕ್ರೀಡಾಕೂಟಕ್ಕ ತಾಲೂಕಾದಿಂದ ಜಿಲ್ಲಾಕ್ಕ, ಜಿಲ್ಲಾದಿಂದ ವಿಭಾಗಕ್ಕ ಅಂತ ಒಂದರ ಹಿಂದ ಒಂದು ಬರ್ತಾವಲ್ಲ, ತಾಲೂಕಾದಾಗ ಬರೇ ಸೀಟಿ ಕ್ರಮ ಮಾಡಿದ್ಲೋ ಇಲ್ಲೋ ನೋಡ್ರಿ, ಗೆದ್ದಿದ್ದು ಸೋತಿದ್ದು ಆಮ್ಯಾಲೆ. ನೀವು ಅವತ್ತ ಗ್ಯಾಲರಿಯಾಗ ಮ್ಯಾಲಿನ ಸಾಲಿನ್ಯಾಗ ಕೂಡ್ರಿ, ಆಕಿಗೆ ಮೊದ್ಲ ಹೇಳಿಡ್ರಿ ಅಪ್ಪ ಅಲ್ಲಿ ಕೂತಿರ್ತೀನಿ, ಒದರಂಗಿಲ್ಲ ಅಂತ. ಬಾಯಿ ತಡೀಲಿಲ್ಲಂದ್ರ ಬಾಯಾಗ ಎಲಿ ಅಡಿಕಿ ಹಾಕ್ಕೊಂಡ ಕೂಡ್ರಿ.